ಸೆಮಿಸ್ಟರಿಗೆಷ್ಟು ರಾಗ?

ಮೈಸೂರಿನಲ್ಲಿರುವ ರಾಜ್ಯ ಸಂಗೀತ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ಲರ ಹೆಸರಿದೆ. ಅವರ ಶಾಲೆಯ ಓದು ಪ್ರಾಥಮಿಕ ಹಂತಕ್ಕೇ ನಿಂತಿತ್ತು. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಮುಂದೆ ಕೂತು ಕಲಿತವರು ಅವರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅವರನ್ನು ಗೌರವ ಪ್ರಾಧ್ಯಾಪಕಿಯಾಗಿ ಬರಮಾಡಿಕೊಂಡಿತು. ದೊಡ್ಡ ಕಲಾವಿದರ ಬೆಲೆ ವಿಶ್ವವಿದ್ಯಾಲಯಗಳಿಗೆ ಗೊತ್ತಿತ್ತು ಎನ್ನುವುದಕ್ಕೆ ಇಷ್ಟು ಸಾಕು. ಆದರೆ ಅವರು ಕಲಿತ ಬಗೆಗೆ ಪಠ್ಯಕ್ರಮದಲ್ಲಿ ಜಾಗ ಸಿಕ್ಕಿತೇ? ಸಂಗೀತ ಪದವಿಯನ್ನು ತೂಗಿನೋಡಲು ಇದೇ ಸರಿಯಾದ ಪ್ರಶ್ನೆ.

ಪದವಿಯನ್ನು ಸಾರಾಸಗಟಾಗಿ ಹಳಿಯುವುದು ಅನ್ಯಾಯ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಾಗ, 1926ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಮ್ಯಾರಿಸ್ ಕಾಲೇಜು ಶುರುವಾದಾಗ, ಎಷ್ಟೋ ಮನೆತನಗಳು ತಮ್ಮ ಚೀಜುಗಳನ್ನು, ಅಂದರೆ ಬಂದಿಶ್‌ಗಳನ್ನು, ಹೊರಗಿನವರಿಗೆ ಕೊಡುತ್ತಿರಲಿಲ್ಲ. ಭಾತಖಂಡೆ ಅವನ್ನು ಬೇಡಿ, ಕಾಡಿ ಸಂಗ್ರಹಿಸಿ ಸ್ವರಲಿಪಿ ಹಾಕಿ ಆರು ಭಾಗಗಳಲ್ಲಿ ಅಚ್ಚು ಮಾಡಿಸಿದರು. ಮದರಾಸಿನಲ್ಲಿ ಪಿ. ಸಾಂಬಮೂರ್ತಿ ಕರ್ನಾಟಕ ಸಂಗೀತದ ಶಾಸ್ತ್ರವನ್ನು ತರಗತಿಯ ಪಾಠವಾಗಿಸಿದರು. ಮನೆಯಲ್ಲಿ ತಂಬೂರಿಯನ್ನೇ ಕಾಣದ ಹುಡುಗಿ ಅರ್ಜಿ ತುಂಬಿ ಒಳಗೆ ಬರಬಹುದಾದದ್ದು ಈ ಪರಂಪರೆಯಿಂದಲೇ.

ತೊಡಕಿರುವುದು ಒಳಗೆ ಬಂದ ಮೇಲೆ. ಯುಜಿಸಿ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ ಸುಮಾರು 90 ಬೋಧನಾ ದಿನ. ಅಷ್ಟರೊಳಗೆ ವಿಸ್ತಾರವಾಗಿ ಹಾಡಬೇಕಾದ ರಾಗಗಳು, ಪರಿಚಯವಷ್ಟೇ ಸಾಕಾದ ರಾಗಗಳು, ತಾಳಗಳು, ಶಾಸ್ತ್ರದ ಪತ್ರಿಕೆ, ಜೊತೆಗೆ ಭಾಷೆ ಮತ್ತು ಇತರ ವಿಷಯಗಳು. ಭೂಪಾಲಿ ಮತ್ತು ದೇಶಕಾರವನ್ನೇ ನೋಡಿ. ಎರಡಕ್ಕೂ ಸ ರಿ ಗ ಪ ಧ ಎಂಬ ಅದೇ ಐದು ಸ್ವರ. ಭೂಪಾಲಿಯಲ್ಲಿ ಗಾಂಧಾರ ವಾದಿ, ಅಂದರೆ ಮುಖ್ಯ ಸ್ವರ; ದೇಶಕಾರದಲ್ಲಿ ಧೈವತ. ಇಷ್ಟನ್ನು ಬರೆದರೆ ಶಾಸ್ತ್ರದ ಪತ್ರಿಕೆಯಲ್ಲಿ ಪೂರ್ತಿ ಅಂಕ. ಆದರೆ ಅದೇ ವಿದ್ಯಾರ್ಥಿ ಭೂಪಾಲಿ ಎತ್ತಿಕೊಂಡು ಧೈವತದ ಮೇಲೆ ಒಂದು ಗಳಿಗೆ ಹೆಚ್ಚು ನಿಂತರೆ ಸಂಜೆಯ ರಾಗದೊಳಗೆ ಬೆಳಗಿನ ದೇಶಕಾರ ನುಸುಳುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಮುಟ್ಟಿ ಸರಿಯಬೇಕು ಎಂಬುದು ಕಿವಿಗೆ ಹತ್ತುವುದು ಗುರುವಿನ ಎದುರು ನೂರು ಸಲ ತಪ್ಪಿದ ಮೇಲೆ. ಮಾರವಾ, ಪೂರಿಯಾ, ಸೋಹನಿಗಳದ್ದೂ ಇದೇ ಕತೆ: ಸ್ವರ ಒಂದೇ, ನಡೆ ಬೇರೆ. ದಕ್ಷಿಣಾದಿಯಲ್ಲಿ ತೋಡಿಯ ಗಾಂಧಾರವನ್ನು ಯಾವ ಸ್ವರಲಿಪಿಯೂ ಹಿಡಿದಿಟ್ಟಿಲ್ಲ. ಕಂಪಿಸುವ ಆ ಸ್ವರ ಪಾಠಾಂತರದಲ್ಲೇ ಬರಬೇಕು.

ಪಟ್ಟಿ ಉದ್ದವಾದಷ್ಟೂ ಈ ತಪ್ಪುವ ಅವಕಾಶ ಕಡಿಮೆಯಾಗುತ್ತದೆ. ಒಂದು ಬಂದಿಶ್, ನಾಲ್ಕು ಆಲಾಪ, ಬರೆಸಿ ಬಾಯಿಪಾಠ ಮಾಡಿಸಿದ ಐದಾರು ತಾನ, ಮುಂದಿನ ರಾಗ. ಪ್ರಾಯೋಗಿಕ ಪರೀಕ್ಷೆಯ ಕೆಲವೇ ನಿಮಿಷಗಳಿಗೆ ಅಷ್ಟು ಸಾಕಾಗುತ್ತದೆ ಎಂಬುದೇ ಆತಂಕದ ವಿಷಯ. ಇದು ಅಧ್ಯಾಪಕರ ಸೋಮಾರಿತನವಲ್ಲ. ಇಡೀ ತರಗತಿಗೆ ಒಂದೇ ಶ್ರುತಿ ಇಟ್ಟು, ಗಂಡು ದನಿಯನ್ನೂ ಹೆಣ್ಣು ದನಿಯನ್ನೂ ಒಟ್ಟಿಗೆ ಹಾಡಿಸಬೇಕಾದವರ ಕಷ್ಟ ಅವರಿಗೇ ಗೊತ್ತು. ಪರಂಪರೆಯಲ್ಲಿ ಕಲಿತು ಹೆಸರಾದ ಕಲಾವಿದರಿಗೂ ಅಧ್ಯಾಪಕರಾಗುವ ದಾರಿ ಯುಜಿಸಿ ನಿಯಮಗಳಲ್ಲಿದೆ. ಆ ದಾರಿಯಲ್ಲಿ ಬಂದವರಿಗೂ ಅದೇ ಪಟ್ಟಿ ಮುಗಿಸುವ ಕೆಲಸ ಕೊಟ್ಟರೆ ಅವರನ್ನು ಕರೆತಂದು ಏನು ಬಂತು?

ವಿಶ್ವವಿದ್ಯಾಲಯ ನಿಜಕ್ಕೂ ಗೆಲ್ಲಬಹುದಾದ ಕಣ ಶಾಸ್ತ್ರ ಮತ್ತು ಚರಿತ್ರೆ. ಕನ್ನಡ ನಾಡಿಗೆ ಇದರಲ್ಲಿ ದೊಡ್ಡ ಆಸ್ತಿಯಿದೆ. ಸಂಗೀತ ರತ್ನಾಕರಕ್ಕೆ ಕಲ್ಲಿನಾಥ ವ್ಯಾಖ್ಯಾನ ಬರೆದದ್ದು 15ನೇ ಶತಮಾನದ ವಿಜಯನಗರದಲ್ಲಿ. 16ನೇ ಶತಮಾನದ ಪುಂಡರೀಕ ವಿಠ್ಠಲ ಶಿವಗಂಗೆಯ ಹತ್ತಿರದ ಸಾತನೂರಿನವನು; ಖಾಂದೇಶದ ಬುರ್ಹಾನ್ ಖಾನನ ಆಶ್ರಯಕ್ಕೆ ಹೋಗಿ ರಾಗಗಳ ಮೇಲೆ ಗ್ರಂಥ ಬರೆದ. ಅವನ ನರ್ತನನಿರ್ಣಯವನ್ನು ಸಂಪಾದಿಸಿದವರು ಮೈಸೂರಿನ ರಾ. ಸತ್ಯನಾರಾಯಣ. ಇಂಥ ಪುಂಡರೀಕ ತರಗತಿಯ ಟಿಪ್ಪಣಿಯಲ್ಲಿ ನಾಲ್ಕು ಕೃತಿಗಳ ಹೆಸರಾಗಿ, ಎರಡು ಅಂಕದ ಪ್ರಶ್ನೆಯಾಗಿ ಮುಗಿದುಹೋದರೆ ಅದು ಬರಿಯ ನಷ್ಟ. ದಕ್ಷಿಣದ ಕಿವಿಯೊಂದು ಉತ್ತರದ ರಾಗಗಳನ್ನು ಕೇಳಿಸಿಕೊಂಡ ಬಗೆ ಅವನಲ್ಲಿದೆ, ಮತ್ತು ಎರಡೂ ಪದ್ಧತಿಗಳು ಇಷ್ಟು ಗಟ್ಟಿಯಾಗಿ ಬೇರೂರಿರುವ ಕರ್ನಾಟಕಕ್ಕಿಂತ ಅದನ್ನು ಓದಲು ತಕ್ಕ ಜಾಗ ಇನ್ನೊಂದಿಲ್ಲ.

ಹಾಗಿದ್ದೂ ಇಲ್ಲಿ ಖ್ಯಾಲ್ ಕಲಿಯುವವರು ಕೀರ್ತನೆಯವರ ಕೊಠಡಿಗೆ ಕಾಲಿಡುವುದು ಅಪರೂಪ. ರಾಗಗಳ ಪಟ್ಟಿಯನ್ನು ಅರ್ಧಕ್ಕಿಳಿಸಿದರೆ ಅದಕ್ಕೂ ಬಿಡುವಾಗುತ್ತದೆ. ಧಾರವಾಡದ ವಿದ್ಯಾರ್ಥಿ ಒಂದು ಸೆಮಿಸ್ಟರು ಪೂರ್ತಿ ಭೂಪಾಲಿ, ದೇಶಕಾರಗಳ ಪಕ್ಕದಲ್ಲಿ ಮೋಹನವನ್ನು ಕೇಳಲಿ. ಮೈಸೂರಿನವರು ಹಿಂದೋಳದ ಪಕ್ಕದಲ್ಲಿ ಮಾಲಕೌಂಸ್ ಇಟ್ಟುಕೊಳ್ಳಲಿ. ಪರೀಕ್ಷೆಯಲ್ಲಿ ಅರ್ಧ ಗಂಟೆ ಒಂದೇ ರಾಗ ಹಾಡಿಸಿ, ಅಲ್ಲಿ ಏಕೆ ನಿಂತೆ, ಇಲ್ಲಿ ಏಕೆ ನಿಲ್ಲಲಿಲ್ಲ ಎಂದು ಕೇಳಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಎರಡು ಊರಿನ ಅಧ್ಯಾಪಕರು ವರ್ಷಕ್ಕೊಂದು ತಿಂಗಳು ಊರು ಬದಲಿಸಲು ಒಪ್ಪಬೇಕು, ಅಧ್ಯಯನ ಮಂಡಳಿ ಪಟ್ಟಿಗೆ ಕತ್ತರಿ ಹಾಕಬೇಕು.