ಮುಖ ತೋರದ ಸ್ವಚಿತ್ರ

ಛಾಯಾಗ್ರಾಹಕಿ ಫ್ರಾನ್ಸೆಸ್ಕಾ ವುಡ್‌ಮನ್ ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಅಮೆರಿಕದ ಬೋಲ್ಡರ್ ಊರಿನಲ್ಲಿ, ತಾನೇ ತೆಗೆದುಕೊಂಡ ಕಪ್ಪು-ಬಿಳುಪು ಚಿತ್ರದಲ್ಲಿ ಮುಖವೇ ಕಾಣದು. ದಪ್ಪ ಸ್ವೆಟರ್ ತೊಟ್ಟ ಹುಡುಗಿ ತಲೆ ಹೊರಳಿಸಿ ಕೂತಿದ್ದಾಳೆ. ಕೂದಲು ಎಲ್ಲವನ್ನೂ ಮರೆಮಾಡಿದೆ. ಒಂಟಿ ಮಗುವನ್ನು ಕಂಡರೆ ಯಾರೋ ಕೈಬಿಟ್ಟ ಮಗುವೆಂದೇ ಮರುಗುತ್ತೇವೆ. ಈ ಚಿತ್ರ ಆ ಮರುಕವನ್ನು ಬೇಡುವುದಿಲ್ಲ. ಆಕೆಯ ಕೈಯಿಂದ ಕ್ಯಾಮೆರಾದತ್ತ ಚಾಚಿದ ಶಟರ್ ಕೇಬಲ್ ಮುನ್ನೆಲೆಯಲ್ಲಿ ಮಸುಕಾಗಿ, ದಪ್ಪಗೆ ಎದ್ದು ಕಾಣುತ್ತದೆ. ಕ್ಷಣವನ್ನು ಆರಿಸಿದವಳೂ ತಾನೇ, ಎಷ್ಟು ಕಾಣಬೇಕೆಂದು ಗೆರೆ ಎಳೆದವಳೂ ತಾನೇ ಎಂಬುದಕ್ಕೆ ಅದು ಸಾಕ್ಷಿ. ಬರೀ ನಾಚಿಕೆಯಲ್ಲವೇ ಎನ್ನಬಹುದು. ನಾಚುವ ಮಗು ಕ್ಯಾಮೆರಾದಿಂದ ತಪ್ಪಿಸಿಕೊಳ್ಳುತ್ತದೆ. ಇವಳು ಅದರೆದುರು ತಾನಾಗಿ ಕೂತಿದ್ದಾಳೆ.

1981ರಲ್ಲಿ, 22ರ ಹರೆಯದಲ್ಲಿ, ಆಕೆ ಆತ್ಮಹತ್ಯೆ ಮಾಡಿಕೊಂಡಳು. ಮುಚ್ಚಿದ ಈ ಮುಖದಲ್ಲಿ ಆ ಸಾವಿನ ಸುಳಿವು ಹುಡುಕುವವರಿದ್ದಾರೆ. ನನಗದು ಅನ್ಯಾಯವೆನಿಸುತ್ತದೆ: ಮುಂದಿನದನ್ನು ಅರಿಯದ ಬಾಲಕಿಯ ಆಯ್ಕೆಯನ್ನು ಅದು ಕಸಿದುಕೊಳ್ಳುತ್ತದೆ. ಈ ಚಿತ್ರದ ನಂತರದ ವರ್ಷಗಳಲ್ಲಿ, ಪ್ರಾವಿಡೆನ್ಸ್ ನಗರದ ಪಾಳು ಕೋಣೆಗಳಲ್ಲಿ, ಹರಿದ ವಾಲ್‌ಪೇಪರ್ ಹಿಂದೆ ಅರೆಮರೆಯಾಗಿ, ದೀರ್ಘ ಎಕ್ಸ್‌ಪೋಷರ್‌ನಲ್ಲಿ ಮೈ ಕದಲಿಸಿ, ಆಕೆ ಬೆಳೆಸಿದ್ದು ಇದೇ ಬಾಲ್ಯದ ಶೋಧವನ್ನು.