ಸಾಕ್ಷಿಯಿಲ್ಲದ ಸಂಧಾನ: ಒಂದು ಉಚಿತ ಪರಿಚಯತಾಣದ ವಿಮರ್ಶೆ

ಇತಿಹಾಸದ ಅಧ್ಯಾಪಕರು ಶಾಸನ, ಕಡತಗಳನ್ನು ಬಿಟ್ಟು ಪ್ರಣಯಪರಿಚಯದ ಜಾಲತಾಣವೊಂದನ್ನು ವಿಮರ್ಶೆಗೆ ಎತ್ತಿಕೊಂಡುದೇಕೆಂದು ವಾಚಕರು ಕೇಳಬಹುದು. ಮನುಷ್ಯನು ತನ್ನನ್ನು ಕುರಿತು ತಾನೇ ಬರೆದಿಟ್ಟುದೆಲ್ಲವೂ ದಾಖಲೆಯೇ. ದಾಖಲೆಯ ಪರೀಕ್ಷೆಯೇ ನಮ್ಮ ಶಾಸ್ತ್ರದ ಮೊದಲ ಕೆಲಸ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ತರುಣರ ಫೋನುಗಳಲ್ಲಿ ಇಂಥ ತಾಣಗಳಿರುವುದನ್ನು ನಾವು ಬಲ್ಲೆವು. ಅವುಗಳ ಪೈಕಿ ತನ್ನ ಲೆಕ್ಕದ ಕ್ರಮವನ್ನು ತಾನೇ ಬಹಿರಂಗಪಡಿಸಿದುದರಿಂದ ಪರೀಕ್ಷೆಗೆ ಒದಗುವಂಥದು ಓಕೆಕ್ಯುಪಿಡ್. ಆದಕಾರಣ ಪ್ರಕೃತ ಲೇಖನದಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಹಾರ್ವರ್ಡಿನಲ್ಲಿ ಗಣಿತವನ್ನು ಓದಿದ ನಾಲ್ವರು 2004ರಲ್ಲಿ ಈ ತಾಣವನ್ನು ಆರಂಭಿಸಿದರು. 2011ರಲ್ಲಿ ಅದು 5 ಕೋಟಿ ಡಾಲರುಗಳಿಗೆ ಮ್ಯಾಚ್ ಸಂಸ್ಥೆಯ ಕೈಸೇರಿತು. ಸೇರುವುದಕ್ಕೆ ಹಣವಿಲ್ಲ, ಕೆಲವು ಹೆಚ್ಚಿನ ಸೌಕರ್ಯಗಳಿಗೆ ಮಾತ್ರ ಶುಲ್ಕವುಂಟು. ಅದು ಪ್ರಕಟಿಸಿದ ಕ್ರಮ ಹೀಗಿದೆ: ಪ್ರತಿಯೊಂದು ಪ್ರಶ್ನೆಗೂ ಬಳಕೆದಾರನು ತನ್ನ ಉತ್ತರವನ್ನೂ, ಎದುರಿನವರಿಂದ ತಾನು ಬಯಸುವ ಉತ್ತರವನ್ನೂ, ಆ ಪ್ರಶ್ನೆ ತನಗೆಷ್ಟು ಮುಖ್ಯವೆಂಬುದನ್ನೂ ತಿಳಿಸಬೇಕು. ಮುಖ್ಯತೆಗೆ ಮೊದಲು 0, 1, 10, 50, 250 ಎಂಬ ತೂಕಗಳಿದ್ದುವು. ಅನಂತರ ಇಬ್ಬರ ತೃಪ್ತಿಯ ಪ್ರಮಾಣಗಳನ್ನು ಒಂದರಿಂದೊಂದು ಗುಣಿಸಿ ವರ್ಗಮೂಲವನ್ನು ತೆಗೆಯುತ್ತಾರೆ. ಒಬ್ಬರಿಗೆ ನೂರಕ್ಕೆ 90ರಷ್ಟು ಒಪ್ಪಿಗೆಯಾಗಿ ಮತ್ತೊಬ್ಬರಿಗೆ 10ರಷ್ಟೇ ಆದರೆ ಸಾಮಾನ್ಯ ಸರಾಸರಿ 50 ಆಗುತ್ತಿತ್ತು. ಈ ಕ್ರಮದಲ್ಲಿ ಬರುವುದು 30. ಅಂದರೆ ಒಬ್ಬರ ಅಸಮ್ಮತಿಯನ್ನು ಇನ್ನೊಬ್ಬರ ಉತ್ಸಾಹವು ಮುಚ್ಚಿಹಾಕಲಾರದು.

ಇದನ್ನು ನಮ್ಮ ನಾಡಿನ ಹಳೆಯ ಸಂಧಾನಕ್ರಮದೊಡನೆ ಹೋಲಿಸುವುದು ಉಚಿತ. ತುಳುನಾಡಿನ ಅಳಿಯಕಟ್ಟಿನ ಕುಟುಂಬಗಳಲ್ಲಿ ಬರಿಯು ತಾಯಿಯಿಂದ ಬರುತ್ತದೆ. ಒಂದೇ ಬರಿಯವರೊಳಗೆ ಮದುವೆಯಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳಿಂದ ಆಸ್ತಿಯ ಕಟ್ಟು ಸಡಿಲಿದರೂ ಬರಿಯನ್ನು ಕೇಳುವ ವಾಡಿಕೆ ಉಳಿದುಬಂದಿದೆ. ಸಂಬಂಧ ಕುದುರಿಸುವವರು ಬರಿಯನ್ನೂ ಮನೆತನವನ್ನೂ ಬಲ್ಲವರಾಗಿರುತ್ತಿದ್ದರು. ಅವರ ಮಾತು ಸುಳ್ಳಾದರೆ ಮರುದಿನ ಅದೇ ಅಂಗಳಕ್ಕೆ ಕಾಲಿಡುವುದು ಕಷ್ಟವಾಗುತ್ತಿತ್ತು. ಈ ಭಯವೇ ಆ ಕ್ರಮದ ಜಾಮೀನು. ಆದರೆ ಹುಡುಗಿಯ ಇಷ್ಟವನ್ನು ಕೇಳುವುದು ಎಷ್ಟೋ ಮನೆಗಳಲ್ಲಿ ಕೊನೆಯ ಮಾತಾಗಿತ್ತು. ಜಾತಿಯ ಗೆರೆಯನ್ನು ದಾಟಿದವರಿಗೆ ಅಲ್ಲಿ ಎಡೆಯೇ ಇರಲಿಲ್ಲ. ಇಬ್ಬರನ್ನೂ ಸಮವಾಗಿ ಪ್ರಶ್ನಿಸುವ ಈ ತಾಣವು ಹಳೆಯದಕ್ಕಿಂತ ನ್ಯಾಯವಾದುದೆಂದು ಒಪ್ಪತಕ್ಕದ್ದೇ.

ಆದರೆ ಹೊಸ ಮಧ್ಯಸ್ಥನಿಗೆ ಅಂಗಳದ ಭಯವಿಲ್ಲ. ತನ್ನ ಲೆಕ್ಕದಂತೆ ನೂರಕ್ಕೆ 30ರಷ್ಟೇ ಹೊಂದುವ ಕೆಲವರಿಗೆ 90ರಷ್ಟು ಹೊಂದುತ್ತೀರೆಂದು ಬೇಕೆಂದೇ ತೋರಿಸಿ ಪರೀಕ್ಷಿಸಿದುದಾಗಿ 2014ರಲ್ಲಿ ಈ ತಾಣದವರೇ ಪ್ರಕಟಿಸಿದರು. 30 ಎಂದೇ ತೋರಿಸಿದಾಗ ಮೊದಲ ಸಂದೇಶವು ಸಂಭಾಷಣೆಯಾಗಿ ಬೆಳೆದುದು ನೂರಕ್ಕೆ 10ರಷ್ಟು. 90 ಎಂದು ತೋರಿಸಿದಾಗ 17ರಷ್ಟು. ನಿಜವಾಗಿ 90ರಷ್ಟು ಹೊಂದಿದವರಲ್ಲಿ 20ರಷ್ಟು. ಸುಳ್ಳು ಅಂಕಿಯೂ ನಿಜದ ಅಂಕಿಗೆ ಬಲು ಸಮೀಪದ ಕೆಲಸವನ್ನು ಮಾಡಿತೆಂದಾಯಿತು. ಇಲ್ಲಿ ಬಳಕೆದಾರರ ದೋಷವೂ ಕಾಣುತ್ತದೆ: ಅವರು ನಂಬಿದುದು ಎದುರಿನ ವ್ಯಕ್ತಿಯನ್ನಷ್ಟೇ ಅಲ್ಲ, ಮಧ್ಯಸ್ಥನು ಹೇಳಿದ ಸಂಖ್ಯೆಯನ್ನು ಕೂಡ. 2016ರಲ್ಲಿ ಭಾರತ ಸರಕಾರವು ವಿವಾಹಸಂಬಂಧದ ತಾಣಗಳಿಗೆ ಸೂಚನೆಗಳನ್ನು ಹೊರಡಿಸಿ, ಬಳಕೆದಾರರಿಂದ ಗುರುತಿನ ಪುರಾವೆಯನ್ನು ಪಡೆಯುವಂತೆಯೂ, ತಮ್ಮದು ಡೇಟಿಂಗ್ ತಾಣವಲ್ಲವೆಂದು ಸಾರುವಂತೆಯೂ ಹೇಳಿತು. ಮದುವೆಯ ತಾಣಕ್ಕೆ ಬೇಕೆನಿಸಿದ ಸಾಕ್ಷಿಯು ಪರಿಚಯದ ತಾಣಕ್ಕೆ ಆ ಸೂಚನೆಗಳಿಂದ ದೊರೆಯಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಕೊರತೆಯ ಪರಿಣಾಮ ಎಲ್ಲರಿಗೂ ಒಂದೇ ಅಲ್ಲ. ಮಣಿಪಾಲಕ್ಕೆ ದೂರದ ಊರುಗಳಿಂದ ಓದಲು ಬಂದವರನ್ನು ಇಲ್ಲಿ ಗುರುತಿಸುವವರು ಕಡಿಮೆ. ಅವರು ನಿಶ್ಚಿಂತೆಯಿಂದ ಭಾವಚಿತ್ರವನ್ನು ಹಾಕಬಲ್ಲರು. ಮಣಿಪಾಲದಿಂದ 50 ಕಿಲೋಮೀಟರು ಎಂದು ದೂರವನ್ನು ಗೊತ್ತುಮಾಡಿದರೆ ಉಡುಪಿ, ಕಾಪು, ಕಾರ್ಕಳಗಳೆಲ್ಲವೂ ಆ ವೃತ್ತದೊಳಗೆ ಬರುತ್ತವೆ. ಆದರೆ ಕಾಪುವಿನ ಪೇಟೆಯಲ್ಲಿ, ಕಾರ್ಕಳದ ಬಸ್ಸು ನಿಲ್ದಾಣದಲ್ಲಿ ಮುಖವೊಂದೇ ಮನೆಯ ವಿಳಾಸವನ್ನು ಹೇಳಿಬಿಡುತ್ತದೆ. ಕರಾವಳಿಯಲ್ಲಿ ಇದು ಲಘುವಾದ ವಿಷಯವಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ, 2012ರ ಜುಲೈಯಲ್ಲಿ ಅಲ್ಲಿಯದೇ ಹೋಂಸ್ಟೇ ಒಂದರಲ್ಲಿ ತರುಣ ತರುಣಿಯರ ಮೇಲೆ ನಡೆದ ಹಲ್ಲೆಗಳನ್ನು ನಾವು ಮರೆತಿಲ್ಲ. ಬಹಿರಂಗವಾಗಿ ಜತೆಗೆ ಕುಳಿತು ಮಾತನಾಡಲು ಹೆದರುವವರು ಫೋನಿನ ಮರೆಯನ್ನು ಹುಡುಕಿದರೆ ಅದನ್ನು ಚಾಪಲ್ಯವೆಂದು ತಳ್ಳಿಹಾಕುವುದು ಅನ್ಯಾಯ.

ಆ ಮರೆಯಾದರೂ ಭದ್ರವೇ? 2016ರ ಮೇ ತಿಂಗಳಿನಲ್ಲಿ ಡೆನ್ಮಾರ್ಕಿನ ಸಂಶೋಧಕರು ಈ ತಾಣದ ಸುಮಾರು 70,000 ಬಳಕೆದಾರರ ಉತ್ತರಗಳನ್ನು ಅವರ ಅನುಮತಿಯಿಲ್ಲದೆಯೇ ಸಂಗ್ರಹಿಸಿ ಹೊರಗೆಡಹಿದರು. ಟೀಕೆಗಳು ಬಂದ ಬಳಿಕ ಅವನ್ನು ಹಿಂತೆಗೆಯಲಾಯಿತು. ಉಚಿತವೆಂಬ ಸೇವೆಗೆ ಬಳಕೆದಾರನು ತನ್ನ ಅಂತರಂಗದ ಉತ್ತರಗಳನ್ನೇ ಬೆಲೆಯಾಗಿ ತೆರುತ್ತಾನೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಆ ಬೆಲೆ ಬಹಳ ಹೆಚ್ಚು. ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಇಬ್ಬರ ಮಾತಿಗೂ ಸಮಾನವಾದ ಬೆಲೆ ಕೊಟ್ಟುದು ಈ ತಾಣದ ಗುಣ. ಯಾರ ಮಾತಿಗೂ ಹೊಣೆ ಹೊರದಿರುವುದು ಅದರ ದೋಷ. ಬಳಕೆದಾರರ ಸ್ವಪರಿಚಯವನ್ನು ನಾವು ರಾಜಪ್ರಶಸ್ತಿಯನ್ನು ಓದುವಂತೆ ಓದಬೇಕು: ಬರೆದವನು ಏನಾಗಬಯಸಿದನೆಂಬುದಕ್ಕೆ ಅದು ಒಳ್ಳೆಯ ಆಧಾರ, ಏನಾಗಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕು. ಆ ಸಾಕ್ಷಿಗಾಗಿ ತರುಣರು ಹಿಂದೆ ಹಿರಿಯರ ಬಳಿಗೆ ಹೋಗುತ್ತಿದ್ದರು. ಇಂದು ಹೋಗಲು ಹೆದರುವರಾದರೆ ಅದರ ಕಾರಣವನ್ನು ತಾಣದಲ್ಲಿ ಮಾತ್ರ ಹುಡುಕಿದರೆ ಸಾಲದು. ಮಕ್ಕಳು ನಿರ್ಭಯವಾಗಿ ಒಂದು ಹೆಸರನ್ನು ಹೇಳಿ, ಇವರು ಹೇಗೆಂದು ಕೇಳಬಲ್ಲ ಹಿರಿಯರು ಮನೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಎಷ್ಟು ಮಂದಿ ಇದ್ದೇವೆಂಬ ಪ್ರಶ್ನೆಯನ್ನು ಅಧ್ಯಾಪಕರಾದ ನಾವು ನಮಗೇ ಹಾಕಿಕೊಳ್ಳತಕ್ಕದ್ದು.