ಒಂಟಿಗನ ವಸಂತ: ರಸಿಕರಿಗೊಂದು ಕೈಪಿಡಿ

ಗೃಹಸ್ಥನಿಗೆ ವಸಂತವೆಂದರೆ ಮಕ್ಕಳ ಪರೀಕ್ಷೆ, ಮಾಳಿಗೆಯ ಮೇಲೆ ಒಣಗುವ ಸಂಡಿಗೆ ಹಪ್ಪಳಗಳ ಕಾವಲು ಮತ್ತು ಮಾವನ ಊರಿಗೆ ಮುಂಗಡವಾಗಿ ಕಾದಿರಿಸಬೇಕಾದ ರೈಲಿನ ಚೀಟಿ. ಅಕ್ಷರಾರ್ಥದಲ್ಲಿಯೂ ಮೂರೇ ಆದ ಈ ತಾಪತ್ರಯವಿಲ್ಲದ ಒಂಟಿಗನಿಗೆ ಮಾತ್ರ ಚೈತ್ರ ವೈಶಾಖಗಳು ಇಡಿಯಾಗಿ ದಕ್ಕುತ್ತವೆಂದು ನಾನು ಹೇಳುವುದುಂಟು, ವಿವಾಹಿತ ಮಿತ್ರರು ಅದನ್ನು ಎಟುಕದ ದ್ರಾಕ್ಷಿಯ ಮಾತೆಂದು ನಗುವುದೂ ಉಂಟು. ಈಚೆಗೆ ನಮ್ಮ ವಠಾರದ ಮಹಡಿಯ ಕೋಣೆಗೆ ಬಂದು ಸೇರಿದ ತರುಣನೊಬ್ಬ, ಬೆಂಗಳೂರಿನ ಈ ಬೇಸಗೆಯ ಸಂಜೆಗಳನ್ನು ಏನು ಮಾಡಲಿ ಎಂದು ಕೇಳಿದ. ಅವನಿಗೆ ಮೆಟ್ಟಿಲ ಮೇಲೆ ನಿಂತು ಅರೆಬರೆಯಾಗಿ ಹೇಳಿದ್ದನ್ನೇ ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ. ನನ್ನ ಉಪದೇಶ ಇಷ್ಟೆ: ಹತ್ತು ಕಡೆ ಸುಳಿಯಬೇಡ, ಒಂದು ಮರ, ಒಂದು ಚಪ್ಪರ, ಒಂದು ಕುಂಡ ಇವನ್ನು ಆರಿಸಿಕೊಂಡು ಅವುಗಳ ಬಳಿಗೇ ಮತ್ತೆ ಮತ್ತೆ ಹೋಗು.

ಮರದ ವಿಷಯ ಸುಲಭ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಸಾಹೇಬರು, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಈ ಊರಿನ ಬೀದಿಗಳಿಗೆ ಮರಗಳನ್ನು ಆಯ್ದರೆಂಬುದು ಪ್ರಸಿದ್ಧ. ಗುಲಾಬಿ ಬಣ್ಣದ ತಬೇಬುಯದ ಕೆಳಗೆ ಜನ ಗುಂಪುಗೂಡಿ ಚಿತ್ರ ತೆಗೆಸಿಕೊಳ್ಳುವುದನ್ನು ನೀವೂ ನೋಡಿದ್ದೀರಿ. ನನ್ನ ಪಕ್ಷಪಾತವಾದರೋ ಹೊಂಗೆಯ ಕಡೆಗೆ. ಯುಗಾದಿಯ ಆಸುಪಾಸಿನಲ್ಲಿ ಅದರ ತಳಿರು ಎಣ್ಣೆ ಸವರಿದಂತೆ ಮಿರುಗುತ್ತದೆ. ಮುಂದೆ ಕೆಲವೇ ವಾರಗಳಲ್ಲಿ ನಸುಗೆಂಪು ಬಿಳುಪಿನ ಸಣ್ಣ ಹೂಗಳು ಉದುರಿ ಬೀದಿಯ ಅಂಚೆಲ್ಲ ಅಕ್ಕಿ ಚೆಲ್ಲಿದಂತೆ ತೋರುತ್ತದೆ. ಅದರ ನೆರಳಿನಷ್ಟು ತಂಪಾದ ನೆರಳು ಇನ್ನೊಂದಿಲ್ಲ. ಮರದ ಬಗ್ಗೆ ಇಷ್ಟು ಸಾಕು.

ಇನ್ನು ಚಪ್ಪರ. ಮೈಸೂರಿನವರಿಗೆ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದ ಹೆಸರು ಹೇಳಬೇಕಾದದ್ದಿಲ್ಲ. ಬೆಂಗಳೂರಿನಲ್ಲಿ, 1939ರಲ್ಲಿ ಆರಂಭವಾದ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ ಕೋಟೆ ಪ್ರೌಢಶಾಲೆಯ ಬಯಲಿನಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಸಭಾಂಗಣದ ತಣ್ಣನೆಯ ಗಾಳಿಯಲ್ಲಿ ಕೇಳುವ ಸಂಗೀತಕ್ಕೂ, ಹೊರಗೆ ಬಸ್ಸುಗಳು ಕೂಗುತ್ತಿರುವಾಗ ಚಪ್ಪರದ ಕೆಳಗೆ ಬೀಸಣಿಗೆ ಹಿಡಿದು ಕೇಳುವ ಸಂಗೀತಕ್ಕೂ ಅಂತರವಿದೆ; ಎರಡನೆಯದರಲ್ಲಿ ಕೇಳುಗನಿಗೂ ಕೊಂಚ ಶ್ರಮವುಂಟು, ಶ್ರಮವಿದ್ದಲ್ಲಿ ಕಿವಿ ಚುರುಕಾಗಿರುತ್ತದೆ.

ಅರ್ಧ ಗಂಟೆ ಮುಂಚೆ ಹೋಗಿ ಮೃದಂಗದವರ ಎದುರಿಗೆ ಕುಳಿತುಕೊಳ್ಳತಕ್ಕದ್ದು. ವಿದ್ವಾಂಸರು ಒದ್ದೆ ರವೆಯ ಉಂಡೆಯನ್ನು ಎಡಮುಚ್ಚಳದ ನಡುವೆ ಒತ್ತಿ, ಬೆರಳಿನಿಂದ ಮೆದುವಾಗಿ ಹರಡಿ, ಒಮ್ಮೆ ತಟ್ಟಿ ನೋಡಿ, ಚೂರು ಕಿತ್ತು, ಮತ್ತೆ ತಟ್ಟುವರು; ಬಲಮುಚ್ಚಳದಲ್ಲಿ ಕಪ್ಪು ಕರಣೆ ಮೊದಲೇ ಇರುವುದರಿಂದ ಅಲ್ಲಿ ಕಲ್ಲಿನಿಂದ ಅಂಚನ್ನು ಬಡಿದು ತಂಬೂರಿಯ ಷಡ್ಜಕ್ಕೆ ಕೂಡಿಸುವರು. ಬಡಿತ ಬಡಿತಕ್ಕೂ ನಾದ ಕೂದಲೆಳೆಯಷ್ಟು ಏರುತ್ತ ಬಂದು ಒಂದು ಕ್ಷಣದಲ್ಲಿ ತಂಬೂರಿಯೊಳಗೆ ಕರಗಿ ಕಾಣದಂತಾಗುತ್ತದೆ. ಆ ಕ್ಷಣವನ್ನು ನಿಮ್ಮ ಕಿವಿ ತಾನಾಗಿ ಹಿಡಿಯಿತೆಂದರೆ ಶ್ರುತಿಯೆಂದರೇನೆಂದು ನಿಮಗೆ ಗೊತ್ತಾಯಿತು; ಹೊಸಬನ ಮೊದಲ ಪಾಠ ಕಚೇರಿ ಆರಂಭವಾಗುವ ಮೊದಲೇ ಮುಗಿಯಿತು.

ಎರಡನೆಯ ಪಾಠ ಕೈಯದು. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಅನಂತರ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಪೆಟ್ಟು ಮತ್ತು ಹುಸಿ, ಪೆಟ್ಟು ಮತ್ತು ಹುಸಿ. ಪಕ್ಕದ ಮುದುಕರನ್ನು ನೋಡಿ ತೊಡೆಯ ಮೇಲೆ ಹಾಕುತ್ತ ಹೋಗಿ. ಹಾಡು ತಾಳದ ಮೊದಲ ಪೆಟ್ಟಿಗೇ ಆರಂಭವಾಗಬೇಕೆಂದಿಲ್ಲ, ಅರೆ ಎಣಿಕೆ ಬಿಟ್ಟೋ ಒಂದೂವರೆ ಎಣಿಕೆ ಬಿಟ್ಟೋ ಎತ್ತುಗಡೆಯಾಗಬಹುದು. ಆದಕಾರಣ ತಪ್ಪಿತೆಂದು ಗಾಬರಿಯಾಗಿ ಕೈ ನಿಲ್ಲಿಸಬಾರದು. ನಾನು ಮೊದಲ ವರ್ಷ ಇಡೀ ಚಪ್ಪರಕ್ಕೆ ವಿರುದ್ಧವಾಗಿ ತಾಳ ಹಾಕಿ, ಮುಂದಿನ ಸಾಲಿನ ಹಿರಿಯರೊಬ್ಬರು ಹಿಂದಿರುಗಿ ನನ್ನ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸುವ ತನಕ ಅದನ್ನರಿಯದೆ ಹೋಗಿದ್ದೆ.

ಕಚೇರಿಯ ಇಂದಿನ ಅಚ್ಚುಕಟ್ಟು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದದ್ದು. ವರ್ಣದಿಂದ ಗಂಟಲು ಬಿಸಿಯಾಗಿ, ಒಂದೆರಡು ಚುರುಕಾದ ಕೃತಿಗಳಾಗಿ, ಅನಂತರ ಬರುವ ದೊಡ್ಡ ರಾಗದ ಆಲಾಪನೆಯಲ್ಲಿ ಹೊಸಬರು ಸಾಮಾನ್ಯವಾಗಿ ಕಂಗೆಡುತ್ತಾರೆ: ಸಾಹಿತ್ಯವಿಲ್ಲ, ತಾಳವಿಲ್ಲ, ಮೃದಂಗದವರೇ ಕೈಕಟ್ಟಿ ಕುಳಿತಿದ್ದಾರೆ, ನಾನು ಏನನ್ನು ಹಿಡಿದುಕೊಳ್ಳಲಿ? ರಾಗದ ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ, ಪಕ್ಕದವರನ್ನು ಕೇಳಲೂ ಬೇಡಿ. ಗಾಯಕ ಯಾವ ಸ್ವರದ ಮೇಲೆ ನಿಲ್ಲುತ್ತಾನೆ, ಯಾವುದನ್ನು ಮುಟ್ಟಿ ಬಿಡುತ್ತಾನೆ ಎಂಬುದನ್ನಷ್ಟೇ ಗಮನಿಸಿ. ಮೊದಲಿಗೆ ಮೋಹನ ಹಿತ; ಮಧ್ಯಮ ನಿಷಾದಗಳಿಲ್ಲದೆ ಐದೇ ಸ್ವರಗಳ ರಾಗವಾದ್ದರಿಂದ ದಾರಿ ತಪ್ಪುವ ಭಯ ಕಡಮೆ. ತೋಡಿಯನ್ನು ಮೂರನೆಯ ವಸಂತಕ್ಕೆ ಇಟ್ಟುಕೊಳ್ಳಬಹುದು. ಪಿಟೀಲಿನವರು ಗಾಯಕನ ಸಂಚಾರವನ್ನು ಬೆನ್ನ ಹಿಂದೆಯೇ ಪುನರುಚ್ಚರಿಸುವುದು ನಿಮ್ಮಂಥವರಿಗೆ ಎರಡನೆಯ ಅವಕಾಶ. ಜಾರಿಹೋದದ್ದು ಅಲ್ಲಿ ಸಿಕ್ಕುತ್ತದೆ.

ತನಿ ಆವರ್ತನ ಆರಂಭವಾದೊಡನೆ ಅರ್ಧ ಚಪ್ಪರ ಕಾಫಿಗೆ ಏಳುತ್ತದೆ. ಇದಕ್ಕಿಂತ ಅರಸಿಕವಾದ ಪದ್ಧತಿಯನ್ನು ನಾನು ಕಂಡಿಲ್ಲ. ಏಳಬೇಡಿ, ಇಷ್ಟು ಹೊತ್ತು ತೊಡೆಯ ಮೇಲೆ ಕಲಿತ ಎಂಟು ಎಣಿಕೆಗೆ ಫಲ ಸಿಕ್ಕುವುದು ಅಲ್ಲಿಯೇ. ಕಡೆಯ ಮುಕ್ತಾಯ ಮೂರು ಸಲ ಸುತ್ತಿ ಬಂದು ನಿಮ್ಮ ಪೆಟ್ಟಿನ ಮೇಲೆಯೇ ಇಳಿದಾಗ, ಕಾಫಿಗೆ ಹೋದವರ ಮೇಲೆ ನಿಮಗೆ ಕನಿಕರ ಹುಟ್ಟದಿದ್ದರೆ ಆಗ ಹೇಳಿ.

ರಾಮನವಮಿಯ ದಿನ ಬೀದಿ ಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವರು. ಬೆಲ್ಲ, ಶುಂಠಿ, ಏಲಕ್ಕಿ, ಮೆಣಸು ಇವುಗಳಲ್ಲಿ ಮೆಣಸು ಒಂದಿಷ್ಟು ಮುಂದಾಗಿ ಗಂಟಲಲ್ಲಿ ಉಳಿಯಬೇಕು. ಬರಿಯ ಸಕ್ಕರೆ ನೀರಿಗೆ ಪಾನಕವೆಂಬ ಹೆಸರು ಸಲ್ಲದು. ಅಡಿಗೆ ಮಾಡಲು ಬೇಸರವಾದ ಒಂಟಿಗನಿಗೆ ಆ ದಿನದ ರಾತ್ರಿಯ ಊಟ ಇದರಲ್ಲಿಯೇ ಮುಗಿಯುತ್ತದೆಂಬುದು ಗುಟ್ಟು.

ಕುಂಡದ ಮಾತು ಕಡೆಗುಳಿಯಿತು. ಗುಲಾಬಿ ಬೇಡ, ಅದಕ್ಕೆ ಸಂಸಾರದಷ್ಟೇ ಆರೈಕೆ ಬೇಕು. ಒಂದು ದುಂಡುಮಲ್ಲಿಗೆಯ ಗಿಡ ಸಾಕು, ಒಂದಡಿ ಅಗಲದ ಮಣ್ಣಿನ ಕುಂಡ ಸಾಕು, ನಾಲ್ಕೈದು ಗಂಟೆಯ ನೇರ ಬಿಸಿಲು ಮಾತ್ರ ಬೇಕೇ ಬೇಕು. ವಸಂತದ ಹೂವಿನ ಕೆಲಸ ಚಳಿಗಾಲದಲ್ಲಿಯೇ ಆಗುತ್ತದೆ: ಪುಷ್ಯದ ಹೊತ್ತಿಗೆ ನೀರನ್ನು ಕಡಮೆ ಮಾಡಿ, ಕೊಂಬೆಗಳನ್ನು ಅರ್ಧಕ್ಕೆ ಸವರಿ, ಉಳಿದ ಎಲೆಗಳನ್ನೂ ಕಿತ್ತು, ಗಿಡವನ್ನು ಬರಿಯ ಕಡ್ಡಿಯಾಗಿ ನಿಲ್ಲಿಸಬೇಕು. ನೋಡಿದವರು ಒಣಗಿತೆಂದು ಮರುಗುವರು. ನಮ್ಮ ಮನೆಯೊಡತಿಯಂತೂ ಒಂದು ಸಲ ಅದನ್ನು ಕಿತ್ತೆಸೆಯುವುದರಲ್ಲಿದ್ದರು. ಅನಂತರ ಬುಡ ಕೆದಕಿ, ಹಳೆಯ ಸಗಣಿ ಗೊಬ್ಬರ ಕೊಟ್ಟು, ನೀರು ಬಿಟ್ಟರೆ ಗಿಣ್ಣು ಗಿಣ್ಣಿನಲ್ಲಿ ಚಿಗುರೊಡೆಯುತ್ತದೆ. ಮೊಗ್ಗು ಬಿಡುವುದು ಈ ಹೊಸ ಚಿಗುರಿನ ತುದಿಯಲ್ಲಿಯೇ, ಹಳೆಯ ಕೊಂಬೆಯಲ್ಲಿ ಅಲ್ಲ; ಸವರಲು ಮನಸ್ಸು ಬಾರದವನ ಗಿಡದಲ್ಲಿ ಎಲೆ ಹೆಚ್ಚು, ಹೂ ಕಡಮೆ. ಒಂದು ಸುತ್ತಿನ ಹೂ ಮುಗಿದೊಡನೆ ತುದಿಗಳನ್ನು ಚಿವುಟಿದರೆ ಇನ್ನೊಂದು ಸುತ್ತು ಬರುತ್ತದೆ.

ಬೆಳಗ್ಗೆ ಹಸುರು ಮಿಶ್ರಿತ ಬಿಳುಪಿನಲ್ಲಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದ ಮೊಗ್ಗು, ನೀವು ಕಚೇರಿ ಮುಗಿಸಿ ಮಹಡಿ ಹತ್ತುವ ಹೊತ್ತಿಗೆ ಬಿರಿದಿರುತ್ತದೆ. ದೀಪ ಹಾಕುವ ಮೊದಲೇ ಪರಿಮಳ ಮೆಟ್ಟಿಲವರೆಗೂ ಇಳಿದು ಬಂದು ಎದುರುಗೊಳ್ಳುತ್ತದೆ. ಮುಡಿಯಲು ಮನೆಯಲ್ಲಿ ಯಾರಿಲ್ಲವೆಂದು ಕೊರಗಬೇಕಾದದ್ದಿಲ್ಲ. ನಾನು ಮಣ್ಣಿನ ಹೂಜಿಯ ನೀರಿಗೆ ಎರಡು ಹಾಕುತ್ತೇನೆ, ಒಂದು ಹಿಡಿ ಮನೆಯೊಡತಿಗೆ ಕೊಡುತ್ತೇನೆ. ಯುಗಾದಿಗೆ ಅವರ ಮನೆಯಿಂದ ಬರುವ ನಾಲ್ಕು ಒಬ್ಬಟ್ಟುಗಳಿಗೂ ಇದಕ್ಕೂ ಸಂಬಂಧವುಂಟೆಂದು ನನ್ನ ಗುಮಾನಿ.

ಮಹಡಿಯ ತರುಣ ನಿನ್ನೆ ಒಂದು ಖಾಲಿ ಕುಂಡ ತಂದಿಟ್ಟಿದ್ದಾನೆ. ಈ ವರ್ಷಕ್ಕೆ ತಡವಾಯಿತು. ಮೊದಲ ಮಳೆ ಬಿದ್ದ ಮೇಲೆ ನನ್ನ ಗಿಡದ ಒಂದು ಕಡ್ಡಿ ಕೊಡುತ್ತೇನೆಂದು ಹೇಳಿ, ಸದ್ಯಕ್ಕೆ ನಾಳೆ ಸಂಜೆ ಆರು ಗಂಟೆಯೊಳಗೆ ಚಪ್ಪರದ ಬಾಗಿಲಲ್ಲಿ ಇರತಕ್ಕದ್ದೆಂದು ತಿಳಿಸಿದ್ದೇನೆ.